ಕ್ಷ-ಕಿರಣದ ನೆರಳು ತಿಳಿಯಾದ ಕಥೆ

ಸಂಜೆಯ ದೀಪದ ಮುಂದೆ ಕೈಯೊಡ್ಡಿ, ಗೋಡೆಯ ಮೇಲೆ ಜಿಂಕೆಯನ್ನೋ ಹಕ್ಕಿಯನ್ನೋ ಮೂಡಿಸಿ ನಲಿಯದ ಮಕ್ಕಳು ವಿರಳ. ಆ ನೆರಳಿಗೆ ಆಕಾರವುಂಟು, ಒಳಗಿನ ವಿವರವಿಲ್ಲ. ಕೈಯ ಅಂಚು ಎಲ್ಲಿ ಮುಗಿಯಿತೆಂಬುದನ್ನು ಮಾತ್ರ ಅದು ತಿಳಿಸುತ್ತದೆ. ನಮ್ಮ ತೊಗಲುಗೊಂಬೆಯಾಟದ ನೆರಳು ಹಾಗಲ್ಲ. ಹದಮಾಡಿದ ತೊಗಲು ಬೆಳಕನ್ನು ಅಷ್ಟಿಷ್ಟು ಒಳಬಿಡುತ್ತದೆ. ಬಣ್ಣ ತೆಳುವಾಗಿರುವೆಡೆ ಬೆಳಕು ಹೆಚ್ಚಾಗಿ ಬರುತ್ತದೆ, ದಟ್ಟವಾಗಿರುವೆಡೆ ಕಡಿಮೆಯಾಗುತ್ತದೆ, ರಂಧ್ರಗಳಿರುವೆಡೆ ಪೂರ್ತಿಯಾಗಿ ತೂರಿಬರುತ್ತದೆ. ಆದುದರಿಂದಲೇ ಪರದೆಯ ಮೇಲೆ ಗೊಂಬೆಯ ಕಿರೀಟ, ಕಣ್ಣು, ಕೊರಳ ಹಾರ ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ.

ಆಸ್ಪತ್ರೆಗಳಲ್ಲಿ ತೆಗೆಯುವ ಕ್ಷ-ಕಿರಣ ಚಿತ್ರವೂ ಈ ಎರಡನೆಯ ಜಾತಿಯ ನೆರಳೇ. ಕಿರಣಗಳು ಮೈಯನ್ನು ಹೊಕ್ಕು ಹೊರಬೀಳುವಾಗ ಒಂದೊಂದು ಭಾಗವೂ ಅವನ್ನು ತನ್ನ ಶಕ್ತ್ಯನುಸಾರ ತಡೆಯುತ್ತದೆ. ಉಳಿದ ಕಿರಣಗಳು ಫಿಲ್ಮಿನ ಮೇಲೆ ಬಿದ್ದು ಅದನ್ನು ಕಪ್ಪಾಗಿಸುತ್ತವೆ. ಮೂಳೆ ಬೆಳ್ಳಗೆ ಉಳಿಯುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗುತ್ತದೆ. ಇವೆರಡರ ನಡುವಣ ಅಂತರ ಎಂಥವರ ಕಣ್ಣಿಗೂ ಎದ್ದು ಕಾಣುವಂಥದು. ಆದರೆ ಯಕೃತ್ತು ಎಲ್ಲಿ ಮುಗಿಯಿತು, ಅದರೊಳಗಿನ ರಕ್ತನಾಳ ಎಲ್ಲಿ ಮೊದಲಾಯಿತು, ಮಿದುಳಿನೊಳಗೆ ಬೆಳೆದಿರುವ ಗೆಡ್ಡೆ ಎಲ್ಲಿದೆ ಎಂದು ಕೇಳಿದರೆ ಬರಿಯ ಕ್ಷ-ಕಿರಣ ಚಿತ್ರಕ್ಕೆ ಉತ್ತರವಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದ ಅಕ್ಷರದಂತೆ ಅವೆಲ್ಲ ಅಲ್ಲೇ ಇವೆ, ಕಾಣುವುದಿಲ್ಲ.

ಒಂದು ಭಾಗ ಪಕ್ಕದ ಭಾಗಕ್ಕಿಂತ ಎಷ್ಟರಮಟ್ಟಿಗೆ ಬೇರೆಯಾಗಿ ಕಾಣುತ್ತದೆಯೋ ಅದಕ್ಕೆ ವೈದೃಶ್ಯವೆಂದು ಹೆಸರು. ಛಾಯಾಚಿತ್ರಕಾರರು ಕಾಂಟ್ರಾಸ್ಟ್ ಎನ್ನುವುದು ಇದನ್ನೇ. ಕಳೆದ ನೂರಮೂವತ್ತು ವರ್ಷಗಳಲ್ಲಿ ಭೌತವಿಜ್ಞಾನಿಗಳೂ ವೈದ್ಯರೂ ರಸಾಯನಶಾಸ್ತ್ರಜ್ಞರೂ ಈ ವೈದೃಶ್ಯವನ್ನು ಹೆಚ್ಚಿಸಲು ಪಟ್ಟ ಪಾಡು ಒಂದು ದೊಡ್ಡ ಕಥೆ. ನೆರಳು ತಿಳಿಯಾದ ಒಂದೊಂದು ಹಂತದಲ್ಲಿಯೂ ಯಾರಾದರೊಬ್ಬರು ಅದಕ್ಕೆ ಬೆಲೆ ತೆತ್ತಿದ್ದಾರೆ. ಆ ಬೆಲೆಯನ್ನು ಲೆಕ್ಕದಿಂದ ಬಿಟ್ಟರೆ ಕಥೆ ಅರ್ಧವಾಗುತ್ತದೆ.

ನೆರಳಿನ ಲೆಕ್ಕ

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಂಟ್‌ಜೆನ್ ಈ ಕಿರಣಗಳನ್ನು ಕಂಡನು. ಅವುಗಳ ಸ್ವರೂಪ ತಿಳಿಯದಿದ್ದುದರಿಂದ, ಬೀಜಗಣಿತದಲ್ಲಿ ಅಜ್ಞಾತ ಸಂಖ್ಯೆಗೆ ಕೊಡುವ ಅಕ್ಷರವನ್ನೇ ಅವಕ್ಕೆ ಹೆಸರಾಗಿಟ್ಟನು. ಆ ವರ್ಷದ ಡಿಸೆಂಬರ್ 22ರಂದು ಅವನ ಪತ್ನಿ ಬರ್ತಾಳ ಕೈಯ ಚಿತ್ರ ತೆಗೆಯಲಾಯಿತು. ಬೆರಳಿನ ಮೂಳೆಗಳೂ ಅವುಗಳಲ್ಲೊಂದರ ಮೇಲೆ ತೇಲಿದಂತಿದ್ದ ಉಂಗುರವೂ ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಾಂಸವಾದರೋ ಮಂಜಿನಂತಿದೆ. ಹೀಗೇಕೆ?

ಕ್ಷ-ಕಿರಣ ಪರಮಾಣುವನ್ನು ಎದುರಿಸಿದಾಗ ಮುಖ್ಯವಾಗಿ ಎರಡು ಸಂಗತಿಗಳಲ್ಲಿ ಒಂದು ನಡೆಯುತ್ತದೆ. ಒಂದು, ಪರಮಾಣುವಿನ ಒಳಕವಚದ ಎಲೆಕ್ಟ್ರಾನು ಕಿರಣದ ಕಣವನ್ನು ಪೂರ್ತಿಯಾಗಿ ನುಂಗಿ ಹೊರಕ್ಕೆ ಚಿಮ್ಮುತ್ತದೆ, ಇದು ಹೀರಿಕೆ. ಇನ್ನೊಂದು, ಕಿರಣವು ಎಲೆಕ್ಟ್ರಾನಿಗೆ ಡಿಕ್ಕಿಹೊಡೆದು, ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಕಳೆದುಕೊಂಡು ಅಡ್ಡದಾರಿ ಹಿಡಿಯುತ್ತದೆ, ಇದು ಚದರಿಕೆ. ಅಮೆರಿಕದ ಆರ್ಥರ್ ಕಾಂಪ್ಟನ್ 1923ರಲ್ಲಿ ವಿವರಿಸಿದ್ದು ಈ ಎರಡನೆಯದನ್ನು.

ನೆರಳಿನ ವೈದೃಶ್ಯಕ್ಕೆ ಮೂಲವಾದದ್ದು ಹೀರಿಕೆ. ಅದರ ನಿಯಮ ಸ್ಥೂಲವಾಗಿ ಹೀಗಿದೆ: ಮೂಲವಸ್ತುವಿನ ಪರಮಾಣು ಸಂಖ್ಯೆಯ ಘನಕ್ಕನುಗುಣವಾಗಿ ಅದು ಏರುತ್ತದೆ, ಕಿರಣದ ಶಕ್ತಿಯ ಘನಕ್ಕನುಗುಣವಾಗಿ ಇಳಿಯುತ್ತದೆ. ಮಾಂಸ, ರಕ್ತ, ಯಕೃತ್ತು, ಮಿದುಳು ಎಲ್ಲವೂ ಬಹುಪಾಲು ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕಗಳಿಂದಾದವು. ಇವೆಲ್ಲದರ ಒಟ್ಟು ವರ್ತನೆ ಸುಮಾರು 7.4 ಪರಮಾಣು ಸಂಖ್ಯೆಯ ಒಂದೇ ವಸ್ತುವಿನಂತೆ ಇರುತ್ತದೆ. ಮೂಳೆಯಲ್ಲಿ ಸುಣ್ಣದ ಮೂಲವಾದ ಕ್ಯಾಲ್ಸಿಯಮ್ಮೂ ರಂಜಕವೂ ಇರುವುದರಿಂದ ಅದರ ಅಂಕ ಸುಮಾರು 13. ಇವೆರಡರ ಪ್ರಮಾಣವನ್ನು ಘನ ಮಾಡಿ ನೋಡಿದರೆ, ಗ್ರಾಮಿಗೆ ಗ್ರಾಮು ಮೂಳೆಯ ಹೀರಿಕೆ ಮಾಂಸದ ಐದು ಪಟ್ಟಿಗೂ ಮಿಗಿಲು. ಅದರ ಜೊತೆಗೆ ಮೂಳೆ ಹೆಚ್ಚು ಸಾಂದ್ರವೂ ಹೌದು. ಬರ್ತಾಳ ಬೆರಳೆಲುಬು ಕಂಡದ್ದು ಈ ಕಾರಣದಿಂದ. ಆದರೆ ಮಾಂಸಕ್ಕೂ ರಕ್ತಕ್ಕೂ ಇಂಥ ಅಂತರವೇ ಇಲ್ಲ. ಪ್ರಕೃತಿ ಅವೆರಡನ್ನೂ ಒಂದೇ ಬಗೆಯ ಮಣ್ಣಿನಿಂದ ಮಾಡಿದೆ.

ಹೀಗಿರಲು ವೈದೃಶ್ಯವನ್ನು ಹೆಚ್ಚಿಸಬೇಕೆಂದರೆ ದಾರಿಗಳು ಯಾವುವು? ಕಿರಣದ ಶಕ್ತಿಯನ್ನು ಬದಲಿಸಬಹುದು. ಚದರಿದ ಕಿರಣಗಳನ್ನು ತಡೆಯಬಹುದು. ಮೈಯೊಳಕ್ಕೆ ಭಾರವಾದ ಮೂಲವಸ್ತುವೊಂದನ್ನು ಕಳುಹಿಸಬಹುದು. ಇಲ್ಲವೇ ನೆರಳನ್ನು ಓದುವ ರೀತಿಯನ್ನೇ ಬದಲಾಯಿಸಬಹುದು. ಮನುಷ್ಯ ಈ ನಾಲ್ಕನ್ನೂ ಮಾಡಿದ್ದಾನೆ.

ತಮ್ಮ ಕೈಯನ್ನೇ ಒಡ್ಡಿದವರು

ಕಡಿಮೆ ಶಕ್ತಿಯ ಕಿರಣಗಳಿಗೆ ಮೃದು ಕಿರಣಗಳೆಂದೂ ಹೆಚ್ಚಿನ ಶಕ್ತಿಯವಕ್ಕೆ ಕಠಿಣ ಕಿರಣಗಳೆಂದೂ ಹೆಸರು. ಮೃದು ಕಿರಣಗಳಿಂದ ವೈದೃಶ್ಯ ಹೆಚ್ಚು, ಆದರೆ ಅವು ಮೈಯನ್ನು ತೂರಲಾರದೆ ಒಳಗೇ ಇಂಗುತ್ತವೆ. ಕಠಿಣ ಕಿರಣಗಳು ತೂರುತ್ತವೆ, ಆದರೆ ಎಲ್ಲವನ್ನೂ ಸಮವಾಗಿ ತೂರಿ ಚಿತ್ರವನ್ನು ಬೂದುಬಣ್ಣವಾಗಿಸುತ್ತವೆ. ಹದವನ್ನು ಕಂಡುಹಿಡಿಯಬೇಕು.

ಮೊದಮೊದಲಿನ ಕೊಳವೆಗಳಲ್ಲಿ ಈ ಹದ ಕೈಗೆ ಸಿಕ್ಕುತ್ತಿರಲಿಲ್ಲ. ಒಳಗೆ ಅಳಿದುಳಿದ ಅನಿಲವನ್ನು ನಂಬಿದ್ದ ಆ ಕೊಳವೆಗಳು ಇಂದು ಮೃದುವಾಗಿಯೂ ನಾಳೆ ಕಠಿಣವಾಗಿಯೂ ಇರುತ್ತಿದ್ದುವು. ಆದುದರಿಂದ ಚಿತ್ರ ತೆಗೆಯುವ ಮುನ್ನ ವೈದ್ಯನು ಹೊಳೆಯುವ ಪರದೆಯ ಹಿಂದೆ ತನ್ನ ಕೈಯನ್ನೇ ಒಡ್ಡಿ, ಎಲುಬು ಮಾಂಸಗಳು ಎಷ್ಟು ಬೇರೆಯಾಗಿ ಕಾಣುತ್ತವೆಂದು ಪರೀಕ್ಷಿಸುತ್ತಿದ್ದನು. ದಿನಕ್ಕೆ ಹಲವು ಬಾರಿ, ವರ್ಷಗಟ್ಟಲೆ. ಮೊದಲು ಚರ್ಮ ಕೆಂಪಾಗಿ ಒಡೆಯುತ್ತಿತ್ತು, ಆಮೇಲೆ ಮಾಯದ ಹುಣ್ಣುಗಳು, ಕಡೆಗೆ ಕ್ಯಾನ್ಸರ್. ಬೆರಳುಗಳನ್ನು, ಕೈಯನ್ನು, ಪ್ರಾಣವನ್ನು ಕಳೆದುಕೊಂಡವರು ಅನೇಕರು. ಜರ್ಮನಿಯ ಹಾಂಬುರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ 1936ರಲ್ಲಿ ಅವರ ನೆನಪಿಗಾಗಿ ಶಿಲೆಯೊಂದನ್ನು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದುವು. ಮುಂದೆ ಆ ಪಟ್ಟಿ 350ನ್ನು ಮೀರಿತು.

ಅವರ ಕೈಗಳನ್ನು ಬಿಡುಗಡೆ ಮಾಡಿದ್ದು ಅಳತೆಯ ಉಪಕರಣಗಳು. ಫ್ರಾನ್ಸಿನ ಬೆನ್ವಾ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಚಿಸಿದ ಸಾಧನದಲ್ಲಿ ನಡುವೆ ಬೆಳ್ಳಿಯ ತಗಡು, ಸುತ್ತಲೂ ದಪ್ಪ ಏರುತ್ತ ಹೋಗುವ ಅಲ್ಯೂಮಿನಿಯಮ್ಮಿನ ಮೆಟ್ಟಿಲುಗಳು. ಯಾವ ಮೆಟ್ಟಿಲಿನ ನೆರಳು ಬೆಳ್ಳಿಯ ನೆರಳಿಗೆ ಸಮವಾಗುವುದೋ ಅದನ್ನು ನೋಡಿ ಕಿರಣದ ಕಾಠಿಣ್ಯವನ್ನು ಹೇಳಬಹುದಾಗಿತ್ತು. 1913ರಲ್ಲಿ ಅಮೆರಿಕದ ವಿಲಿಯಮ್ ಕೂಲಿಡ್ಜ್ ಕಾದ ಟಂಗ್ಸ್ಟನ್ ತಂತಿಯ ಕೊಳವೆಯನ್ನು ನಿರ್ಮಿಸಿದನು. ಅದರಲ್ಲಿ ಕಿರಣಗಳ ಪ್ರಮಾಣವನ್ನು ತಂತಿಯ ಕಾವಿನಿಂದಲೂ ಕಾಠಿಣ್ಯವನ್ನು ವೋಲ್ಟುಗಳಿಂದಲೂ ಪ್ರತ್ಯೇಕವಾಗಿ ನಿಯಂತ್ರಿಸುವುದು ಸಾಧ್ಯವಾಯಿತು.

ಅಂದಿನಿಂದ ಹದವನ್ನು ಆರಿಸಿಕೊಳ್ಳುವುದು ಒಂದು ಕಲೆಯಾಯಿತು. ಸ್ತನದ ಮೃದುವಾದ ಅಂಗಾಂಶದಲ್ಲಿ ಸಣ್ಣ ಗಂಟನ್ನು ಹುಡುಕಬೇಕಾದರೆ 25ರಿಂದ 30 ಸಾವಿರ ವೋಲ್ಟುಗಳ ಮೃದು ಕಿರಣ ಬೇಕು. ಇದಕ್ಕಾಗಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗಿನಲ್ಲಿ ಶಾರ್ಲ್ ಗ್ರೋ 1960ರ ದಶಕದಲ್ಲಿ ಟಂಗ್ಸ್ಟನ್ನಿನ ಬದಲು ಮಾಲಿಬ್ಡಿನಮ್ಮನ್ನು ಕೊಳವೆಯಲ್ಲಿ ಬಳಕೆಗೆ ತಂದನು. ಎದೆಯ ಚಿತ್ರದಲ್ಲಿ ಇದಕ್ಕೆ ವಿರುದ್ಧವಾದ ನೀತಿ. ಅಲ್ಲಿ ಪಕ್ಕೆಲುಬುಗಳ ನೆರಳೇ ಶ್ವಾಸಕೋಶವನ್ನು ಮರೆಮಾಡುವುದರಿಂದ, 120 ಸಾವಿರ ವೋಲ್ಟುಗಳವರೆಗೂ ಏರಿಸಿ ಎಲುಬಿನ ವೈದೃಶ್ಯವನ್ನು ಬೇಕೆಂದೇ ತಗ್ಗಿಸುತ್ತಾರೆ. ಯಾವುದನ್ನು ನೋಡಬೇಕಾಗಿದೆಯೋ ಅದರ ವೈದೃಶ್ಯ ಮುಖ್ಯವೇ ಹೊರತು ಎಲ್ಲದರದೂ ಅಲ್ಲ.

ಮಂಜನ್ನು ಸೋಸುವ ಜಾಲರಿ

ಇನ್ನು ಚದರಿಕೆಯ ಮಾತು. ಹೊಟ್ಟೆಯಂಥ ದಪ್ಪ ಭಾಗದ ಚಿತ್ರದಲ್ಲಿ ಫಿಲ್ಮನ್ನು ಮುಟ್ಟುವ ಕಿರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿತಪ್ಪಿ ಬಂದವು. ಅವು ಎಲ್ಲಿಂದ ಹೊರಟು ಎಲ್ಲಿ ಬಿದ್ದುವೆಂಬುದಕ್ಕೆ ನೆಲೆಯಿಲ್ಲದ್ದರಿಂದ ಚಿತ್ರದ ಮೇಲೆಲ್ಲ ಸಮವಾಗಿ ಮಂಜು ಕವಿಯುತ್ತದೆ. ಬೆಳಗಿನ ಕಾವಳದಲ್ಲಿ ದೂರದ ಮರ ಹೇಗೆ ಮಸುಕಾಗುತ್ತದೆಯೋ ಹಾಗೆಯೇ ಇದು.

ಬರ್ಲಿನ್ನಿನ ವೈದ್ಯ ಗುಸ್ಟಾಫ್ ಬುಕಿ 1913ರಲ್ಲಿ ಇದಕ್ಕೊಂದು ಸರಳ ಉಪಾಯವನ್ನು ಹೂಡಿದನು. ಸೀಸದ ತೆಳುವಾದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜಾಲರಿಯೊಂದನ್ನು ಮಾಡಿ ರೋಗಿಗೂ ಫಿಲ್ಮಿಗೂ ನಡುವೆ ಇಟ್ಟನು. ನೇರವಾಗಿ ಬಂದ ಕಿರಣ ಪಟ್ಟಿಗಳ ಸಂದಿನಲ್ಲಿ ಹಾದುಹೋಗುತ್ತದೆ; ಅಡ್ಡಾದಿಡ್ಡಿ ಬಂದದ್ದು ಸೀಸಕ್ಕೆ ಬಡಿದು ಅಲ್ಲಿಯೇ ಅಡಗುತ್ತದೆ. ಮಂಜು ಹರಿಯಿತು, ಆದರೆ ಜಾಲರಿಯ ನೆರಳೇ ಚಿತ್ರದ ಮೇಲೆ ಚೌಕಳಿಯಾಗಿ ಬಿದ್ದಿತು. ಷಿಕಾಗೋ ನಗರದ ಹಾಲಿಸ್ ಪಾಟರ್ ಪಟ್ಟಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ಚಿತ್ರ ತೆಗೆಯುತ್ತಿರುವಾಗಲೇ ಜಾಲರಿಯನ್ನು ಸರಿಸುವ ಏರ್ಪಾಡು ಮಾಡಿ ಈ ತೊಡಕನ್ನೂ ಬಿಡಿಸಿದನು. ರಭಸವಾಗಿ ತಿರುಗುವ ಸೈಕಲ್ ಚಕ್ರದ ಕಡ್ಡಿಗಳು ಕಣ್ಣಿಗೆ ಕಾಣದಂತೆ ಸೀಸದ ಗೆರೆಗಳೂ ಮಾಯವಾದುವು.

ಆದರೆ ಜಾಲರಿ ಚದರಿದ ಕಿರಣಗಳ ಜೊತೆಗೆ ಒಳ್ಳೆಯ ಕಿರಣಗಳಲ್ಲೂ ಒಂದಿಷ್ಟನ್ನು ನುಂಗುತ್ತದೆ. ಫಿಲ್ಮು ಮೊದಲಿನಷ್ಟೇ ಕಪ್ಪಾಗಬೇಕಾದರೆ ರೋಗಿಗೆ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಿರಣಗಳನ್ನು ಹಾಯಿಸಬೇಕು. ಈ ಕಾರಣದಿಂದಲೇ ಕೈ ಕಾಲುಗಳಂಥ ತೆಳು ಭಾಗಗಳಿಗೂ ಎಳೆಯ ಮಕ್ಕಳಿಗೂ ಸಾಮಾನ್ಯವಾಗಿ ಜಾಲರಿಯನ್ನು ಬಳಸುವುದಿಲ್ಲ.

ಒಳಗಿನಿಂದ ಬಣ್ಣ ಹಾಕುವುದು

ಮೂರನೆಯ ದಾರಿಯೇ ಎಲ್ಲಕ್ಕಿಂತ ಧೈರ್ಯದ್ದು. ಮೈಯಲ್ಲಿ ಅಂತರವಿಲ್ಲದಿದ್ದರೆ ಅಂತರವನ್ನು ನಾವೇ ತಂದಿಡೋಣ ಎಂಬ ವಿಚಾರ ಕ್ಷ-ಕಿರಣದಷ್ಟೇ ಹಳೆಯದು. 1896ರ ಜನವರಿಯಲ್ಲಿ, ರಂಟ್‌ಜೆನ್ನನ ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ, ವಿಯೆನ್ನಾದ ಹಾಷೆಕ್ ಮತ್ತು ಲಿಂಡೆಂಥಾಲ್ ಎಂಬವರು ಶವದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ, ಇಂಗಲಿಕ, ಪೆಟ್ರೋಲಿಯಮ್ ಬೆರಸಿದ ದ್ರವವನ್ನು ತುಂಬಿ ಚಿತ್ರ ತೆಗೆದರು. ಮರದ ಕೊಂಬೆಗಳಂತೆ ಕವಲೊಡೆದ ನಾಳಗಳು ಕಂಡುವು. ಜೀವಂತ ಮನುಷ್ಯನಿಗೆ ಇದನ್ನು ಕೊಡುವಂತಿರಲಿಲ್ಲವೆಂಬುದು ಹೇಳಬೇಕಾದುದೇ ಇಲ್ಲ.

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿ ಹೆಬ್ಬಾತುವೊಂದಕ್ಕೆ ಬಿಸ್ಮತ್ ಲವಣವನ್ನು ನುಂಗಿಸಿ, ಅದು ಉದ್ದವಾದ ಕೊರಳಿನಲ್ಲಿ ಇಳಿಯುವುದನ್ನು ಪರದೆಯ ಮೇಲೆ ನೋಡಿದನು. ಆಮೇಲೆ ಬೆಕ್ಕುಗಳ ಆಹಾರದಲ್ಲಿ ಅದನ್ನು ಬೆರಸಿ ಜಠರದ ಅಲೆಯಂಥ ಚಲನೆಗಳನ್ನು ಗುರುತಿಸಿದನು. ಬೆಕ್ಕು ಹೆದರಿದಾಗ ಅಥವಾ ಕೆರಳಿದಾಗ ಆ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದುವು. ಭಯ ಕೋಪಗಳು ಮೈಯ ಮೇಲೆ ಮಾಡುವ ಪರಿಣಾಮವನ್ನು ಕುರಿತ ಕ್ಯಾನನ್ನನ ಹೆಸರಾಂತ ಸಂಶೋಧನೆಗೆ ಇದೇ ಬೀಜ.

ಬಿಸ್ಮತ್ತಿನ ಆ ಲವಣ ಕೆಲವು ರೋಗಿಗಳಲ್ಲಿ ವಿಷವಾಯಿತು. 1910ರಿಂದ ಅದರ ಸ್ಥಾನಕ್ಕೆ ಬೇರಿಯಮ್ ಸಲ್ಫೇಟ್ ಬಂದಿತು. ವಾಚಕರು ಇಲ್ಲೊಂದು ಸೋಜಿಗವನ್ನು ಗಮನಿಸಬೇಕು. ಬೇರಿಯಮ್ಮಿನ ಕರಗುವ ಲವಣಗಳೆಲ್ಲ ಕಡು ವಿಷ. ಸಲ್ಫೇಟಾದರೋ ನೀರಿನಲ್ಲಾಗಲಿ ಜಠರದ ಆಮ್ಲದಲ್ಲಾಗಲಿ ಕರಗುವುದಿಲ್ಲ. ಸುಣ್ಣದ ತಿಳಿಯಂತೆ ಕುಡಿದದ್ದು ಹಾಗೆಯೇ ಹೊರಹೋಗುತ್ತದೆ. ಕರಗದಿರುವ ಒಂದು ಗುಣವೇ ಅದನ್ನು ಔಷಧಶಾಲೆಯಲ್ಲಿ ಇರಿಸಿದೆ. ಬೇರಿಯಮ್ಮಿನ ಪರಮಾಣು ಸಂಖ್ಯೆ 56. ಮಾಂಸದ 7.4ರೊಡನೆ ಹೋಲಿಸಿ ಘನ ಮಾಡಿದರೆ ಅಂತರ ನಾನೂರು ಪಟ್ಟನ್ನು ಮೀರುತ್ತದೆ!

ಕತ್ತಲೆಯಿಂದಲೂ ಚಿತ್ರ ಬಿಡಿಸಬಹುದು. ಬಾಲ್ಟಿಮೋರ್ ನಗರದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮಿದುಳಿನ ಕುಹರಗಳೊಳಗಿನ ದ್ರವವನ್ನು ತೆಗೆದು ಗಾಳಿಯನ್ನು ತುಂಬಿ, ಅವುಗಳ ಆಕಾರವನ್ನು ಕಪ್ಪು ನೆರಳಾಗಿ ಕಂಡನು. ರೋಗಿಗೆ ಅಸಾಧ್ಯವಾದ ತಲೆನೋವು ಬರುತ್ತಿತ್ತು. ಆದರೂ ಗೆಡ್ಡೆಯಿರುವ ಜಾಗವನ್ನು ಊಹಿಸಲು ಅದಕ್ಕಿಂತ ಉತ್ತಮವಾದ ದಾರಿ ಆಗ ಇರಲಿಲ್ಲ.

ರಕ್ತನಾಳಗಳಿಗೆ ಬೇಕಾದ ವಸ್ತು ಸಿಕ್ಕಿದ್ದು ಆಕಸ್ಮಿಕವಾಗಿ. ಆಗ ಮೇಹರೋಗಕ್ಕೆ ಸೋಡಿಯಮ್ ಅಯೊಡೈಡನ್ನು ಕೊಡುತ್ತಿದ್ದರು. ಅಂಥ ರೋಗಿಗಳ ಮೂತ್ರಕೋಶ ಚಿತ್ರದಲ್ಲಿ ಬೆಳ್ಳಗೆ ಕಾಣುವುದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಆಸ್‌ಬರ್ನ್ ಮತ್ತು ಅವನ ಸಂಗಡಿಗರು 1923ರಲ್ಲಿ ವರದಿಮಾಡಿದರು. ಅಯೊಡೀನಿನ ಪರಮಾಣು ಸಂಖ್ಯೆ 53. ಅದಕ್ಕೆ ಇನ್ನೊಂದು ಸೌಭಾಗ್ಯವೂ ಉಂಟು. ಅದರ ಅತ್ಯಂತ ಒಳಗಿನ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ ಸುಮಾರು 33 ಸಾವಿರ ಎಲೆಕ್ಟ್ರಾನ್-ವೋಲ್ಟು. ಕಿರಣದ ಶಕ್ತಿ ಈ ಮಿತಿಯನ್ನು ದಾಟಿದೊಡನೆ ಹೀರಿಕೆ ಒಮ್ಮೆಲೆ ಐದು ಪಟ್ಟಿಗೂ ಹೆಚ್ಚಾಗಿ ಜಿಗಿಯುತ್ತದೆ. ಆಸ್ಪತ್ರೆಯ ಕೊಳವೆಗಳು ಕೊಡುವ ಕಿರಣಗಳಲ್ಲಿ ಒಂದು ದೊಡ್ಡ ಪಾಲು ಈ ಮಿತಿಯ ಆಚೆಗೇ ಇರುತ್ತದೆ.

ಪೋರ್ಚುಗಲ್ಲಿನ ಲಿಸ್ಬನ್ ನಗರದ ಎಗಾಸ್ ಮೊನೀಸ್ 1927ರಲ್ಲಿ ಕೊರಳ ಧಮನಿಗೆ ಸೋಡಿಯಮ್ ಅಯೊಡೈಡನ್ನು ಚುಚ್ಚಿ ಜೀವಂತ ಮನುಷ್ಯನ ಮಿದುಳಿನ ರಕ್ತನಾಳಗಳನ್ನು ಮೊದಲ ಬಾರಿಗೆ ಚಿತ್ರದಲ್ಲಿ ತೋರಿಸಿದನು. ಅದಕ್ಕೆ ಮುಂಚೆ ಬ್ರೋಮೈಡಿನಿಂದ ನಡೆಸಿದ ಯತ್ನಗಳಲ್ಲಿ ಒಬ್ಬ ರೋಗಿ ಮೃತನಾಗಿದ್ದನು. ಅಯೊಡೈಡೂ ನೋವನ್ನುಂಟುಮಾಡುತ್ತಿತ್ತು, ಕೆಲವರಲ್ಲಿ ಸೆಳವು ತರುತ್ತಿತ್ತು. ನೋವಿಲ್ಲದ, ಇನ್ನೂ ತಿಳಿಯಾದ ನೆರಳು ಕೊಡುವ ವಸ್ತುವೊಂದಕ್ಕಾಗಿ ವೈದ್ಯರೆಲ್ಲ ಹಂಬಲಿಸುತ್ತಿದ್ದರು. ಅಂಥದೊಂದು ಬಂದೇಬಂದಿತು.

ಅತಿ ಸುಂದರವಾದ ಚಿತ್ರಗಳು

ಪೆಟ್ರೊಮ್ಯಾಕ್ಸ್ ದೀಪದ ಜಾಲರಿಯನ್ನು ಬಲ್ಲವರಿಗೆ ಥೋರಿಯಮ್ ಅಪರಿಚಿತವಲ್ಲ. ಹಳೆಯ ಜಾಲರಿಗಳ ಬೆಳ್ಳನೆಯ ಬೆಳಕಿಗೆ ಥೋರಿಯಮ್ ಆಕ್ಸೈಡೇ ಕಾರಣವಾಗಿತ್ತು. ಅದರ ಪರಮಾಣು ಸಂಖ್ಯೆ 90. 1930ರ ಸುಮಾರಿನಲ್ಲಿ ಜರ್ಮನಿಯಿಂದ ಥೋರೊಟ್ರಾಸ್ಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ದ್ರವದಲ್ಲಿ ಈ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ತೇಲುತ್ತಿದ್ದುವು. ಚುಚ್ಚಿದರೆ ನೋವಿಲ್ಲ, ಸೆಳವಿಲ್ಲ, ವಾಂತಿಯಿಲ್ಲ. ಚಿತ್ರಗಳು ಹಿಂದೆಂದೂ ಕಾಣದಷ್ಟು ಸ್ಪಷ್ಟ. ಯಕೃತ್ತಿನ ಮತ್ತು ಗುಲ್ಮದ ಕಣಭಕ್ಷಕ ಜೀವಕೋಶಗಳು ಆ ಕಣಗಳನ್ನು ಕಬಳಿಸುತ್ತಿದ್ದುದರಿಂದ ಆ ಅಂಗಗಳೇ ಬೆಳ್ಳಗೆ ಬೆಳಗುತ್ತಿದ್ದುವು. 1931ರಲ್ಲಿ ಮೊನೀಸ್ ಕೂಡ ಅಯೊಡೈಡನ್ನು ಬಿಟ್ಟು ಇದನ್ನು ಹಿಡಿದನು.

ಥೋರಿಯಮ್ ವಿಕಿರಣಶೀಲವೆಂಬುದು ಆಗ ಯಾರಿಗೂ ಗುಟ್ಟಾಗಿರಲಿಲ್ಲ. ಕಬಳಿಸಿದ ಕಣವನ್ನು ಮೈ ಹೊರಹಾಕಲಾರದೆಂಬುದೂ ಬೇಗನೆ ತಿಳಿಯಿತು. ಅಮೆರಿಕದ ವೈದ್ಯ ಸಂಘದ ಔಷಧಮಂಡಲಿ 1932ರಲ್ಲಿಯೇ ಎಚ್ಚರಿಕೆಯ ಮಾತನ್ನಾಡಿತು. ಆದರೂ ಬಳಕೆ ನಿಲ್ಲಲಿಲ್ಲ. ಆ ವೈದ್ಯರು ದುಷ್ಟರೆಂದು ನಾವು ತಿಳಿಯಬಾರದು. ಮಿದುಳಿನಲ್ಲಿ ಗೆಡ್ಡೆ ಬೆಳೆಯುತ್ತಿರುವ ರೋಗಿ ಎದುರಿಗೆ ಮಲಗಿದ್ದಾನೆ. ಇಂದೇ ಅದರ ಜಾಗ ತಿಳಿಯಬೇಕು. ಇಪ್ಪತ್ತು ವರ್ಷಗಳ ಮೇಲೆ ಬರಬಹುದಾದ ಕೇಡು ಆ ಗಳಿಗೆಯಲ್ಲಿ ಬಹು ದೂರದ್ದಾಗಿ ಕಂಡಿತು. ಆದರೆ ಅಷ್ಟೇನೂ ತೊಂದರೆಯಿಲ್ಲದ ರೋಗಿಗಳಿಗೂ ಅದನ್ನು ಕೊಟ್ಟರೆಂಬುದನ್ನು ಮಾತ್ರ ಮನ್ನಿಸುವುದು ಕಷ್ಟ.

ಥೋರಿಯಮ್ಮಿನ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಮನುಷ್ಯನ ಆಯುಷ್ಯದ ಮಟ್ಟಿಗೆ ಅದು ಕುಂದುವುದೇ ಇಲ್ಲ. ಅದೂ ಅದರಿಂದ ಹುಟ್ಟುವ ಸಂತತಿಯೂ ಹೊರಸೂಸುವ ಆಲ್ಫಾ ಕಣಗಳು ಅಂಗಾಂಶದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದೂರವನ್ನೂ ಕ್ರಮಿಸುವುದಿಲ್ಲ. ತಮ್ಮ ಶಕ್ತಿಯನ್ನೆಲ್ಲ ಪಕ್ಕದ ಕೆಲವೇ ಜೀವಕೋಶಗಳ ಮೇಲೆ ಸುರಿಯುತ್ತವೆ. ಯಕೃತ್ತಿನಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಹಗಲಿರುಳು ಇದು ನಡೆಯುತ್ತಿತ್ತು. 1940ರ ದಶಕದ ಕೊನೆಯ ವೇಳೆಗೆ ಯಕೃತ್ತಿನ ಅಪರೂಪದ ಕ್ಯಾನ್ಸರುಗಳ ವರದಿಗಳು ಬರತೊಡಗಿದುವು. 1950ರ ದಶಕದಲ್ಲಿ ಬಳಕೆ ನಿಂತಿತು. ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್, ಜಪಾನುಗಳಲ್ಲಿ ವಿಜ್ಞಾನಿಗಳು ಆ ಹಳೆಯ ರೋಗಿಗಳನ್ನು ಹುಡುಕಿ ದಶಕಗಳ ಕಾಲ ಅವರ ಗತಿಯನ್ನು ಗಮನಿಸಿದರು. ಚುಚ್ಚುಮದ್ದು ಪಡೆದ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೂ ಯಕೃತ್ತಿನ ಕ್ಯಾನ್ಸರೂ ರಕ್ತದ ಕ್ಯಾನ್ಸರೂ ಅವರಲ್ಲಿ ಕಾಣಿಸಿಕೊಳ್ಳುತ್ತಿದ್ದುವು. ಮೈಯೊಳಗೆ ನೆಲೆಸಿದ ಆಲ್ಫಾ ವಿಕಿರಣದ ಬಗ್ಗೆ ಇಂದು ನಮಗಿರುವ ತಿಳಿವಿನಲ್ಲಿ ಒಂದು ದೊಡ್ಡ ಪಾಲು ಅವರಿಂದ ಬಂದದ್ದು. ಅವರು ಅದನ್ನು ಕೊಡಲು ಒಪ್ಪಿದವರಲ್ಲ.

ಒಡನೆಯೇ ನೋಯಿಸದ ವಸ್ತು ನಿರಪಾಯವೆಂದಲ್ಲ. ಮೈಯೊಳಕ್ಕೆ ಕಳುಹಿಸಿದ್ದು ಹೇಗೆ ಹೊರಬರುತ್ತದೆಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಥೋರೊಟ್ರಾಸ್ಟ್ ಕಲಿಸಿದ ಈ ಪಾಠವನ್ನು ವೈದ್ಯವಿಜ್ಞಾನ ಮರೆಯಲಿಲ್ಲ. ಕೆಲಸ ಅಯೊಡೀನಿನ ಕಡೆಗೇ ತಿರುಗಿತು. ಬೆಂಜೀನ್ ಉಂಗುರಕ್ಕೆ ಮೂರು ಅಯೊಡೀನ್ ಪರಮಾಣುಗಳನ್ನು ಬಿಗಿದ ಸಂಯುಕ್ತಗಳು 1950ರ ದಶಕದಲ್ಲಿ ಬಳಕೆಗೆ ಬಂದುವು. ಮೂತ್ರಪಿಂಡಗಳು ಅವನ್ನು ಕೆಲವೇ ಗಂಟೆಗಳಲ್ಲಿ ಸೋಸಿಬಿಡುತ್ತಿದ್ದುವು. ಆದರೆ ಚುಚ್ಚಿದಾಗ ಉರಿಯುವ ನೋವು ಉಳಿದೇ ಇತ್ತು. ಸ್ವೀಡನ್ನಿನ ಟಾರ್ಸ್ಟನ್ ಆಲ್ಮೇನ್ 1960ರ ದಶಕದ ಕೊನೆಯಲ್ಲಿ ಇದರ ಕಾರಣವನ್ನು ಹಿಡಿದನು. ಈ ಲವಣಗಳು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದರಿಂದ ದ್ರಾವಣದ ಪರಾಸರಣ ಒತ್ತಡ ರಕ್ತದ್ದಕ್ಕಿಂತ ಹಲವು ಪಟ್ಟು ಏರುತ್ತಿತ್ತು. ಒಡೆಯದ ಅಣುವನ್ನೇ ರಚಿಸಿದರೆ ಅಷ್ಟೇ ಅಯೊಡೀನಿಗೆ ಕಣಗಳ ಸಂಖ್ಯೆ ಅರ್ಧವಾಗುತ್ತದಲ್ಲವೆ? ಈ ಸರಳ ಲೆಕ್ಕದ ಮೇಲೆ ನಿಂತ ಔಷಧಗಳನ್ನೇ ಇಂದು ಹೆಚ್ಚಾಗಿ ಬಳಸುತ್ತಾರೆ. ಇವೂ ಪೂರ್ತಿ ನಿರಪಾಯವಲ್ಲ. ಆದುದರಿಂದಲೇ ಚುಚ್ಚುವ ಮುನ್ನ ಹಿಂದಿನ ಒಗ್ಗದಿಕೆಯನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ವೈದ್ಯರು ವಿಚಾರಿಸುತ್ತಾರೆ.

ಓದುವ ರೀತಿಯನ್ನೇ ಬದಲಿಸಿದರೆ

ನಾಲ್ಕನೆಯ ದಾರಿಯಲ್ಲಿ ಮೈಗೆ ಹೊಸದೇನನ್ನೂ ಸೇರಿಸಬೇಕಾಗಿಲ್ಲ. ಸಾಮಾನ್ಯ ಚಿತ್ರದಲ್ಲಿ ಮುಂದಿನದು, ಹಿಂದಿನದು, ನಡುವಿನದು ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನೂರಕ್ಕೆ ಒಂದೆರಡು ಪಾಲಿನ ಅಂತರ ಈ ಗೊಂದಲದಲ್ಲಿ ಮುಳುಗಿಹೋಗುತ್ತದೆ. ಆದರೆ ಅನೇಕ ದಿಕ್ಕುಗಳಿಂದ ನೆರಳುಗಳನ್ನು ಪಡೆದು, ಗಣಿತದ ನೆರವಿನಿಂದ ಒಂದು ಹೋಳಿನ ಒಳಚಿತ್ರವನ್ನೇ ಕಟ್ಟಬಹುದು. ಇಂಗ್ಲೆಂಡಿನ ಗಾಡ್ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಹೀಗೆ ನೋಡಲಾಯಿತು. ಗಾಳಿ ತುಂಬದೆ, ಧಮನಿಗೆ ಚುಚ್ಚದೆ, ಮಿದುಳಿನ ಗೆಡ್ಡೆ ಕಂಡಿತು. ಇದರ ಗಣಿತವನ್ನು ಮೊದಲೇ ಯೋಚಿಸಿದ್ದ ಆಲನ್ ಕಾರ್ಮ್ಯಾಕನೊಡನೆ ಅವನು 1979ರ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಸಿ.ಟಿ. ಎಂದು ಊರೂರಿನಲ್ಲೂ ಹೆಸರಾಗಿರುವುದು ಇದೇ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲುಂಟು. ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಕೂಡಿಸಿದರೆ ಚಿತ್ರವೇನೋ ಆಗುತ್ತದೆ, ಆದರೆ ಒಂದೊಂದು ಚುಕ್ಕೆಯ ಸುತ್ತಲೂ ನಕ್ಷತ್ರದಂತೆ ಮಸುಕು ಚಾಚಿಕೊಳ್ಳುತ್ತದೆ. ಆಗ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ಜಿ. ಎನ್. ರಾಮಚಂದ್ರನ್ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೊಂದು ಚುರುಕಾದ ಉಪಾಯವನ್ನು ತೋರಿಸಿದರು. ಹಿಂದಕ್ಕೆ ಹರಡುವ ಮುನ್ನವೇ ಒಂದೊಂದು ನೆರಳನ್ನೂ ಒಂದು ಗಣಿತದ ಸೋಸುಕದಲ್ಲಿ ಹಾಯಿಸಿ, ಮುಂದೆ ಬರುವ ಮಸುಕನ್ನು ಮುಂಚಿತವಾಗಿ ಕಳೆದುಬಿಡುವುದು. ಆಗ ಲೆಕ್ಕದ ಹೊರೆಯೂ ಬಹಳ ಹಗುರವಾಗುತ್ತದೆ. ಇಬ್ಬರ ಹೆಸರುಗಳ ಮೊದಲಕ್ಷರಗಳಿಂದ ರಾಮ್-ಲಾಕ್ ಎಂದು ಕರೆಯುವ ಆ ಸೋಸುಕ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಇದೆ.

ಇಲ್ಲಿಯೂ ಬೆಲೆಯುಂಟು. ಎದೆಯ ಒಂದು ಸಿ.ಟಿ. ಪರೀಕ್ಷೆಯಲ್ಲಿ ಮೈಗೆ ತಗಲುವ ವಿಕಿರಣ ಸಾಮಾನ್ಯ ಎದೆಚಿತ್ರದ್ದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚು. ಬೇಕಾದಾಗ ಅದು ಪ್ರಾಣವನ್ನುಳಿಸುತ್ತದೆ. ಬೇಡವಾದಾಗ ವ್ಯರ್ಥವಾದ ಹೊರೆ.

ಬಾಗಿದ ಕಿರಣದ ಸಾಕ್ಷಿ

ತಿಳಿನೀರಿನ ತೊಟ್ಟಿಯ ತಳದಲ್ಲಿ ಬಿಸಿಲು ಹೆಣೆಯುವ ಬೆಳ್ಳಿಯ ಬಲೆಯನ್ನು ವಾಚಕರು ನೋಡಿರಬಹುದು. ನೀರು ಬೆಳಕನ್ನು ಹೀರಿದ್ದರಿಂದ ಆ ಗೆರೆಗಳು ಆದುವಲ್ಲ. ಅಲೆಗಳು ಬೆಳಕನ್ನು ಬಾಗಿಸಿದ್ದರಿಂದ ಆದುವು. ಕ್ಷ-ಕಿರಣವೂ ಹೀಗೆ ಬಾಗುವುದೇ ಎಂದು ರಂಟ್‌ಜೆನ್ ಪಟ್ಟಕಗಳನ್ನಿಟ್ಟು ನೋಡಿ ಇಲ್ಲವೆಂದು ಬರೆದನು. ಅದು ಅವನ ತಪ್ಪಲ್ಲ. ಅಂಗಾಂಶದಲ್ಲಿ ಈ ಕಿರಣಗಳ ವಕ್ರೀಭವನಾಂಕ ಒಂದಕ್ಕಿಂತ ಭಿನ್ನವಾಗುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು, ಅಥವಾ ಇನ್ನೂ ಕಡಿಮೆ. ಆದರೂ ಮೃದು ಅಂಗಾಂಶಗಳಲ್ಲಿ ಹೀರಿಕೆಗಿಂತ ಈ ಬಾಗುವಿಕೆಯ ಪರಿಣಾಮ ನೂರಾರು ಪಟ್ಟು ದೊಡ್ಡದಾಗಬಲ್ಲದು. ಅದನ್ನು ಅಳೆಯಬಲ್ಲೆವಾದರೆ ಹೀರಿಕೆ ತೋರಿಸದ ಅಂಚುಗಳು ಕಾಣುತ್ತವೆ. 1965ರಲ್ಲಿ ಬೋನ್ಜೆ ಮತ್ತು ಹಾರ್ಟ್ ಎಂಬವರು ಸಿಲಿಕಾನಿನ ಒಂದೇ ಹರಳಿನಿಂದ ಇದನ್ನು ಅಳೆಯುವ ಉಪಕರಣವನ್ನು ಕಡೆದರು. ಬಹುಕಾಲ ಇದಕ್ಕೆ ಹರಳುಗಳೋ ಊರಗಲದ ಸಿಂಕ್ರೊಟ್ರಾನ್ ಯಂತ್ರಗಳೋ ಬೇಕಾಗಿದ್ದುವು. 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಟ್ಸ್ ಫೈಫರ್ ಮತ್ತು ಸಂಗಡಿಗರು ಅತಿಸೂಕ್ಷ್ಮ ಗೀರುಗಳ ಜಾಲರಿಗಳನ್ನು ಬಳಸಿ ಸಾಮಾನ್ಯ ಕೊಳವೆಯಿಂದಲೇ ಇದನ್ನು ಸಾಧಿಸಬಹುದೆಂದು ತೋರಿಸಿದರು.

ಈ ಜಾಲರಿಗಳಿಂದ ಮತ್ತೊಂದು ಲಾಭವೂ ಆಯಿತು. ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳು ಕಿರಣವನ್ನು ಅತ್ಯಲ್ಪ ಕೋನಗಳಲ್ಲಿ ಚದರಿಸುತ್ತವೆ. ಗೂಡುಗಳು ಹಾಳಾದಲ್ಲಿ ಈ ಚದರಿಕೆಯೂ ಕುಗ್ಗುತ್ತದೆ. 2021ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ಸಂಶೋಧಕರು ಇದನ್ನೇ ಚಿತ್ರವಾಗಿಸಿ ರೋಗಿಗಳ ಶ್ವಾಸಕೋಶದ ಕೇಡನ್ನು ಗುರುತಿಸಿದರು. ಅದಕ್ಕೆ ತಗಲಿದ ವಿಕಿರಣ ಸಿ.ಟಿ.ಯದಕ್ಕಿಂತ ಬಹಳ ಕಡಿಮೆ. ಬುಕಿ ಸೀಸದ ಪಟ್ಟಿಗಳಿಂದ ಹೊಡೆದಟ್ಟಿದ ಚದರಿಕೆಯ ಇನ್ನೊಂದು ಬಗೆ ಇಲ್ಲಿ ವೈದ್ಯನಿಗೆ ಸುದ್ದಿ ತರುತ್ತಿದೆ.

ಇಂದು ಬಹುಕಡೆ ಫಿಲ್ಮಿನ ಸ್ಥಾನವನ್ನು ವಿದ್ಯುತ್ ಗ್ರಾಹಕಗಳು ವಹಿಸಿಕೊಂಡಿವೆ. ತೆರೆಯ ಮೇಲೆ ಚಿತ್ರದ ಕಪ್ಪು ಬಿಳುಪನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ಮೈಯಿಂದ ಹೊರಬಿದ್ದ ಕಿರಣಗಳಲ್ಲಿ ಇಲ್ಲದ ಅಂತರವನ್ನು ಯಾವ ಯಂತ್ರವೂ ಸೃಷ್ಟಿಸಲಾರದು. ಅದನ್ನು ಪಡೆಯಲು ಮೈಗೆ ಏನನ್ನಾದರೂ ಹಾಯಿಸಲೇಬೇಕು. ಎಷ್ಟು ಹಾಯಿಸಬೇಕು, ಯಾವುದಕ್ಕಾಗಿ ಹಾಯಿಸಬೇಕು ಎಂಬುದು ತಕ್ಕಡಿಯ ಎರಡು ತಟ್ಟೆಗಳ ಪ್ರಶ್ನೆ. ಮುಂದೆ ಎಂದಾದರೂ ಆಸ್ಪತ್ರೆಯ ತೆರೆಯ ಮೇಲೆ ಎಲುಬಿನ ಬಿಳುಪನ್ನೋ ನಾಳಗಳ ಕವಲನ್ನೋ ನೋಡುವ ಸಂದರ್ಭ ಬಂದಾಗ, ಅಷ್ಟು ತಿಳಿಯಾದ ನೆರಳಿಗಾಗಿ ಕೈಯೊಡ್ಡಿದ ವೈದ್ಯರನ್ನೂ, ತಮಗೆ ತಿಳಿಯದೆಯೇ ಬೆಲೆ ತೆತ್ತ ರೋಗಿಗಳನ್ನೂ ನಾವು ಒಮ್ಮೆ ನೆನೆಯೋಣ.